ಎರಡು ಗಂಟಿನಲ್ಲಿ ಹೋದ ಬಾವಿ

೮ ಜನವರಿ ೨೦೨೫, ಮಾಣಿಕನಗರ

ಎಡಗೈ ಬರಹ. ಅಂಗನವಾಡಿ ಮಕ್ಕಳು ಇದಕ್ಕಿಂತ ಚೆನ್ನಾಗಿ ಬರೆಯುತ್ತಾರೆ. ಬಸವಕಲ್ಯಾಣದ ನಿಲ್ದಾಣದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದೆ. ಹನ್ನೆರಡು ವರ್ಷದಿಂದ ಹಾಗೆಯೇ ಇಳಿದು ಪಾಠ ಮಾಡಲು ಕಾಲೇಜಿಗೆ ಓಡಿದ್ದೇನೆ. ಈ ಸಲ ಬಲ ಮಣಿಕಟ್ಟು ಮುರಿಯಿತು, ಬೆನ್ನಿನ ಬುಡಕ್ಕೆ ಪೆಟ್ಟಾಯಿತು. ಆರು ವಾರ ಪ್ಲಾಸ್ಟರ್. ಒಂದು ತಿಂಗಳು ಕೂಡುವಂತಿಲ್ಲ, ಮಲಗಿಯೇ ಇರಬೇಕು.

ಮಾರ್ಚ್ ೨೮ಕ್ಕೆ ನನ್ನ ಪಿಎಚ್.ಡಿ. ನೋಂದಣಿ ಮುಗಿಯುತ್ತದೆ. ಎರಡು ಸಲ ಅವಧಿ ವಿಸ್ತರಿಸಿದ್ದಾರೆ, ಮೂರನೆಯದು ಇಲ್ಲ. ಅಷ್ಟರಲ್ಲಿ ಪ್ರಬಂಧ ಕೊಡದಿದ್ದರೆ ಎಂಟು ವರ್ಷ ಮಣ್ಣುಪಾಲು. ಬೆರಳು ಸೋತವು.

೧೧ ಜನವರಿ

ಅತ್ತೆ ತಲೆ ಬಾಚಿ ಎರಡು ಜಡೆ ಹಾಕಿದರು. ನಲವತ್ತೊಂದನೇ ವಯಸ್ಸಿಗೆ. ಒಂದು ಜಡೆಯಾದರೆ ಮಲಗಿದಾಗ ಒತ್ತುತ್ತದಂತೆ. ಗುರುಶಾಂತ ತಮ್ಮ ಪಾತ್ರೆ ಅಂಗಡಿಗೆ ಹೋಗುವ ಮೊದಲು ಉಪ್ಪಿಟ್ಟು ತಿನ್ನಿಸಿದರು, ಅರ್ಧ ನನಗೆ, ಅರ್ಧ ದಿಂಬಿಗೆ. (ಗಂಡನ ಹೆಸರು ಬರೆಯಲು ಅಡ್ಡಿಯಿಲ್ಲ, ಕರೆಯಲು ಮಾತ್ರ ‘ಏನ್ರಿ’.) ಹೊಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಡಗೈಯಿಂದ ಟೈಪ್ ಮಾಡಿ ನೋಡಿದೆ. ಅರ್ಧ ಗಂಟೆಗೆ ಮೂರು ಸಾಲು, ಮೂರರಲ್ಲೂ ತಪ್ಪು. ಸಿಟ್ಟಿಗೆ ಅಳು ಬಂತು.

೧೨ ಜನವರಿ

ಗುರುಶಾಂತ ಒಂದು ಉಪಾಯ ತಂದರು. “ಮ್ಯಾಲ ಮನಿಷಾ ಅದಾಳಲ್ಲ, ಟೈಪಿಂಗ್ ಜೂನಿಯರ್ ಪಾಸ್ ಆಗ್ಯಾಳ. ಕರೀಲೇನು?”

ಮನಿಷಾ ನಮ್ಮ ಮಹಡಿಯ ಬಾಡಿಗೆಯವಳು. ಗಂಡ ಕಲ್ಲಿನಾಥ ಇಲ್ಲಿನ ಮಠದ ಮುಂದಿನಿಂದ ಆಟೋ ಓಡಿಸುತ್ತಾನೆ. ಮೆಟ್ಟಿಲ ಮೇಲಿನಿಂದ ಅವಳು ತರಕಾರಿಯವನ ಜೊತೆ ಚೌಕಾಸಿ ಮಾಡಿದರೆ ನನ್ನ ಆನ್‌ಲೈನ್ ಪಾಠದಲ್ಲಿ ಹುಡುಗರಿಗೆಲ್ಲ ಬದನೆಕಾಯಿಯ ದರ ತಿಳಿಯುತ್ತದೆ.

“ಆಕಿಗಿ ಇದು ಏನ್ ತಿಳೀತದ್ರಿ?” ಎಂದೆ.

“ತಿಳೀಬೇಕಂತ ಯಾರಂದ್ರು? ಹೇಳಿದ್ದು ಒತ್ತಿದ್ರ ಸಾಕಲ್ಲ.”

ನನ್ನ ಕೆಲಸಕ್ಕೆ ಇನ್ನೊಬ್ಬರ ಕೈ ಹಾಕಿಸಿದವಳಲ್ಲ ನಾನು. ಬೇರೆ ದಾರಿಯಿಲ್ಲ ಅಂತ ಹೂಂ ಎಂದೆ.

೧೪ ಜನವರಿ, ಸಂಕ್ರಾಂತಿ

ಮನಿಷಾ ಎಳ್ಳುಬೆಲ್ಲ ಹಿಡಿದುಕೊಂಡೇ ಬಂದಳು. ಮಂಚದ ಪಕ್ಕ ನೆಲದ ಮೇಲೆ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನನಗೆ ಪರದೆ ಕಾಣುವುದಿಲ್ಲ, ಛಾವಣಿಯ ಫ್ಯಾನು ಮಾತ್ರ ಕಾಣುತ್ತದೆ. ಹಾಗಾಗಿ ಅವಳು ಓದಬೇಕು, ನಾನು ಕೇಳಿ ಹೇಳಬೇಕು, ಅವಳು ಒತ್ತಬೇಕು.

“ಅಕ್ಕಾರ, ಇದರಾಗ ಇಷ್ಟ್ ಬಾಣ, ಚುಕ್ಕಿ, ನಕ್ಷತ್ರ ಯಾಕ ಅದಾವ್ರಿ?”

ಅವಳು ಎಲ್ಲವನ್ನೂ ಓದುತ್ತಾಳೆ. ಅಲ್ಪವಿರಾಮ, ಖಾಲಿ ಸಾಲು, ಮೂಲೆಯ ಗಡಿಯಾರದ ಸಮಯ ಕೂಡ. ಗಡಿಯಾರ ಬೇಡ ಎಂದೆ. “ಯಾವುದು ಬಿಡಬೇಕು, ಯಾವುದು ಬಿಡಬಾರದು ಅಂತ ನನಗ ಹ್ಯಾಂಗ ತಿಳೀಬೇಕ್ರಿ?” ಎಂದಳು. ಮಾತು ಸರಿಯೇ. ಎರಡು ಗಂಟೆಯಲ್ಲಿ ನಲವತ್ತು ಸಾಲು ಮುಗಿದವು. ನನ್ನ ತಲೆ ಸಿಡಿಯುತ್ತಿತ್ತು. ಆದರೂ ನಲವತ್ತು ಸಾಲು.

೧೯ ಜನವರಿ

ಇವತ್ತು ಮನಿಷಾ ಹಟ ಹಿಡಿದಳು. “ಏನ್ ಮಾಡಾಕತ್ತೇವಿ ಅಂತಾದ್ರೂ ಹೇಳ್ರಿ ಅಕ್ಕಾರ. ಕಣ್ಣು ಕಟ್ಟಿ ಬಿಟ್ಟಂಗ ಆಗ್ಯಾದ.”

ಹೇಳಿದೆ. ಬಸವಕಲ್ಯಾಣ ತಾಲ್ಲೂಕಿನ ಬಾವಿಗಳಲ್ಲಿ ಬೇಸಿಗೆಯ ಯಾವ ತಿಂಗಳಲ್ಲಿ ಎಷ್ಟು ಅಡಿ ನೀರು ಉಳಿಯುತ್ತದೆ ಅಂತ ಒಂದು ಪ್ರೋಗ್ರಾಂ ಲೆಕ್ಕ ಹಾಕುತ್ತದೆ. ತಾಲ್ಲೂಕಿನೊಳಗೆ ಊರು, ಊರಿನೊಳಗೆ ಬಾವಿ, ಬಾವಿಯೊಳಗೆ ತಿಂಗಳ ಅಳತೆ. ಕಂಪ್ಯೂಟರ್ ಒಂದೊಂದಾಗಿ ಲೆಕ್ಕ ಮಾಡುತ್ತದೆ. ಕಾಲೇಜಿನ ಯಂತ್ರದಲ್ಲಿರುವ ಗ್ರಾಫಿಕ್ಸ್ ಕಾರ್ಡಿಗೆ ಕಳಿಸಿದರೆ ಸಾವಿರ ಬಾವಿಗಳ ಲೆಕ್ಕ ಒಟ್ಟಿಗೇ ಆಗುತ್ತದೆ. ತೊಡಕು ಏನೆಂದರೆ, ಕಾರ್ಡಿನ ಮೆಮರಿಯೇ ಬೇರೆ. ಊರಿನ ಮಾಹಿತಿಯಲ್ಲಿ ಬಾವಿಗಳೇ ಇರುವುದಿಲ್ಲ, ಬಾವಿಗಳು ಎಲ್ಲಿವೆ ಅನ್ನುವ ವಿಳಾಸ ಇರುತ್ತದೆ. ಆ ಬಾಣವೇ ವಿಳಾಸ. ಊರನ್ನು ಮಾತ್ರ ಕಳಿಸಿದರೆ ಇಲ್ಲಿನ ವಿಳಾಸ ಅಲ್ಲಿಗೆ ಹೋಗುತ್ತದೆ, ಅಲ್ಲಿ ಆ ಜಾಗದಲ್ಲಿ ಏನೂ ಇರುವುದಿಲ್ಲ. ಒಳಗಿನದನ್ನೆಲ್ಲ ಹುಡುಕಿ, ಗಂಟು ಕಟ್ಟಿ, ಕಳಿಸಿ, ಹೊಸ ವಿಳಾಸ ಬರೆದು, ಲೆಕ್ಕ ಮುಗಿದ ಮೇಲೆ ವಾಪಸ್ ತಂದು ಜೋಡಿಸಬೇಕು. ಪ್ರೋಗ್ರಾಂ ಬರೆಯುವವರು ಇದನ್ನೆಲ್ಲ ಕೈಯಾರೆ ಮಾಡದೆ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರೇ ತಾನಾಗಿ ಮಾಡುವಂತೆ ಮಾಡುವುದು ನನ್ನ ಸಂಶೋಧನೆ.

ಊಟಕ್ಕೆ ಬಂದಿದ್ದ ಗುರುಶಾಂತ ಬಾಗಿಲಲ್ಲೇ ನಿಂತು ಕೇಳಿದರು. “ಹೋದ ವರ್ಷ ಕೊಹಿನೂರ ಊರಿಗಿ ಮದಿವಿ ಸಾಮಾನು ಕಳಸಿದ್ದು ನೆಪ್ಪದ ಇಲ್ಲೋ? ದೊಡ್ಡ ಡಬ್ಬಿಯೊಳಗ ‘ವಾಟಗ ಬಟ್ಟಲ ಒಳಗಿನ ಕಪಾಟಿನಾಗ ಅವ’ ಅಂತ ಚೀಟಿ ಇಟ್ಟಿದ್ದೆ, ಕಟ್ಟವನಿಗಿ ತಿಳೀಲಿ ಅಂತ. ಅವ ಡಬ್ಬಿ ಹಂಗೇ ಕಟ್ಟಿ ಕಳಸಿಬಿಟ್ಟ. ಬೀಗರು ಚೀಟಿ ಹಿಡ್ಕೊಂಡು ಮನಿಯಾಗಿನ ಕಪಾಟೆಲ್ಲ ಹುಡುಕ್ಯಾರ.”

ಮನಿಷಾ ನಕ್ಕು ನಕ್ಕು ಲ್ಯಾಪ್‌ಟಾಪ್ ಬೀಳಿಸುವುದರಲ್ಲಿದ್ದಳು. ಎಂಟು ವರ್ಷ ಸಮ್ಮೇಳನಗಳಲ್ಲಿ ನಾನು ಒದ್ದಾಡಿ ವಿವರಿಸಿದ್ದನ್ನು ಈ ಮನುಷ್ಯ ಒಂದು ಚೀಟಿಯಲ್ಲಿ ಮುಗಿಸಿದರು. ಹದಿನೇಳು ವರ್ಷ ಸಂಸಾರ ಮಾಡಿದ್ದೇನೆ, ಒಮ್ಮೆಯೂ ಇವರಿಗೆ ನನ್ನ ಕೆಲಸ ಹೇಳಿರಲಿಲ್ಲ.

೨೭ ಜನವರಿ

ತಪ್ಪು ಇನ್ನೂ ಅಲ್ಲೇ ಇದೆ. ಕಳೆದ ಫೆಬ್ರುವರಿಯಿಂದ ಇದೆ. ಕಂಪ್ಯೂಟರಿನ ಉತ್ತರಕ್ಕೂ ಕಾರ್ಡಿನ ಉತ್ತರಕ್ಕೂ ಎರಡೇ ಕಡೆ ವ್ಯತ್ಯಾಸ: ೨೩ನೇ ಊರಿನ ಕೊನೆಯ ಬಾವಿ, ೨೪ನೇ ಊರಿನ ಮೊದಲ ಬಾವಿ. ಮೇ ತಿಂಗಳಿಗೆ ಕಂಪ್ಯೂಟರ್ ನಾಲ್ಕು ಅಡಿ ಎನ್ನುತ್ತದೆ, ಕಾರ್ಡು ಒಂಬತ್ತು ಎನ್ನುತ್ತದೆ. ಒಂದು ಗಂಟಿನ ತುದಿ, ಮುಂದಿನ ಗಂಟಿನ ಆರಂಭ, ಹಾಗಾಗಿ ಗಂಟುಗಳು ಒಂದರ ಮೇಲೊಂದು ಬೀಳುತ್ತಿವೆ ಅಂತ ನನ್ನ ಅನುಮಾನ. ಗಂಟುಗಳ ಅಳತೆಯನ್ನು ನೂರು ಸಲ ಪರೀಕ್ಷಿಸಿದ್ದೇನೆ, ಸರಿಯಾಗಿದೆ.

ನನ್ನ ಮಾರ್ಗದರ್ಶಕ ಮಹಾರುದ್ರಪ್ಪ ಸರ್ ಫೋನ್ ಮಾಡಿ ಮೊದಲು ಕೈ ಹೇಗಿದೆ ಅಂತ ಕೇಳಿದರು. ಆಮೇಲೆ, “ಎರಡು ಉತ್ತರ ಒಂದೇ ಬರೋ ತನಕ ನಾ ಸಹಿ ಮಾಡಂಗಿಲ್ಲ ನೋಡ್ರಿ. ಸುಳ್ಳು ಲೆಕ್ಕಕ್ಕ ಹೆಸರು ಹಚ್ಚಬಾರದು,” ಎಂದರು. ಮೊದಲಾಗಿದ್ದರೆ ಇದಕ್ಕೆ ಎರಡು ದಿನ ಮುನಿಸಿಕೊಳ್ಳುತ್ತಿದ್ದೆ. ಅವರು ಹೇಳಿದ್ದರಲ್ಲಿ ತಪ್ಪೇನಿದೆ?

೩ ಫೆಬ್ರುವರಿ

ಏನೂ ಆಗಲಿಲ್ಲ.

೪ ಫೆಬ್ರುವರಿ

ಇವತ್ತೂ ಅಷ್ಟೇ. ಮನಿಷಾ ಮೇಲಿನಿಂದ ಹುಳಿಬಾನ, ಅಂದರೆ ಜೋಳದ ಹುಳಿ ಅಂಬಲಿ, ತಂದು ಕುಡಿಸಿದಳು.

೬ ಫೆಬ್ರುವರಿ

ದಿಂಬು ಒರಗಿಸಿ ಅರ್ಧ ಕೂಡಬಹುದು ಎಂದಿದ್ದಾರೆ. ಎಡಗೈ ನೋಯುವವರೆಗೂ ಇವತ್ತು ಬರೆಯುವುದೇ.

ಬೆಳಿಗ್ಗೆ ಕೆಲಸ ತೋಚದೆ, ಪ್ರೋಗ್ರಾಂಗೆ ಕೊಟ್ಟ ಮೂಲ ಪಟ್ಟಿಯನ್ನೇ ಓದು ಎಂದೆ. ಬೇಸರ ಕಳೆಯಲು ಅಷ್ಟೇ. ಆ ಪಟ್ಟಿಯನ್ನು ನಾನು ನೂರಾರು ಸಲ ನೋಡಿದ್ದೇನೆ: ಊರಿನ ಸಂಖ್ಯೆ, ಬಾವಿಯ ಸಂಖ್ಯೆ, ಅಡಿ. ನಡುವೆ ಹೆಸರಿನ ಅಂಕಣವೊಂದಿದೆ, ಲೆಕ್ಕಕ್ಕೆ ಬೇಡದ್ದು. ನನ್ನ ಕಣ್ಣು ಅದನ್ನು ದಾಟಿಯೇ ಹೋಗುತ್ತಿತ್ತು. ಮನಿಷಾ ಏನನ್ನೂ ಬಿಡುವವಳಲ್ಲ.

“ಊರು ಇಪ್ಪತ್ಮೂರು, ಮೋರಖಂಡಿ. ಬಾವಿ ಒಂಬತ್ತು, ಪಡುವಲ ಬಾವಿ. ಊರು ಇಪ್ಪತ್ನಾಕು. ಬಾವಿ ಒಂದು, ಮೂಡಲ ಬಾವಿ…”

ಓದು ನಿಲ್ಲಿಸಿದಳು. ಕರೆಂಟು ಹೋಯಿತೇನೋ ಅಂದುಕೊಂಡೆ.

“ಅಕ್ಕಾರ, ಇವೆರಡೂ ಒಂದೇ ಬಾವಿ ಅದರಿ.”

“ಪಟ್ಟಿಯಾಗ ಎರಡು ಅವಲ್ಲ.”

“ಮೋರಖಂಡಿ ನನ್ನ ತವರಮನಿ ಅಲ್ಲೇನ್ರಿ? ಇಪ್ಪತ್ನಾಕು ನಮ್ಮ ಬಾಜೂಕಿನ ಊರು. ಬಾವಿ ಎರಡೂ ಊರಿನ ನಡುವ ಅದ. ನಮಗ ಅದು ಪಡುವಲ ಬಾವಿ, ಆಚಿ ಊರವರಿಗಿ ಮೂಡಲ ಬಾವಿ. ಅವರವರ ಮನಿ ಮುಂದ ನಿಂತು ನೋಡಿ ಹೆಸರಿಟ್ಟಾರ.”

“ನಿನಗ ಎರಡೂ ಹೆಸರು ಹ್ಯಾಂಗ ಗೊತ್ತು?”

“ನಮ್ಮ ಕಡಿ ಹೊಲದ ಮಾಲಕರು ಕುರಿ ದಾಟಾಕ ಬಿಡ್ತಿರಲಿಲ್ಲರಿ. ಅಪ್ಪಾ ದೂರ ಸುತ್ತು ಹಾಕಿ, ಆಚಿ ಊರೊಳಗಿಂದ ಹಾಯ್ದು ಬಂದು ನೀರು ಕುಡಸ್ತಿದ್ದ. ನಾನೂ ಸಣ್ಣಾಕಿದ್ದಾಗ ಹೋಗೀನಿ. ಅಲ್ಲಿಂದ ಬಂದರ ಅದು ಮೂಡಲ ಬಾವಿ. ನೀರು ಅದೇ.”

ಇದನ್ನು ಬಸ್ಸು ತಡವಾಯಿತು ಅನ್ನುವಷ್ಟು ಹಗುರವಾಗಿ ಹೇಳಿದಳು. ಪಟ್ಟಿಯನ್ನು ಮೆಮರಿಗೆ ತುಂಬುವ ಭಾಗವನ್ನು ಬರೆದವನು ನನ್ನ ಹಳೆಯ ವಿದ್ಯಾರ್ಥಿ ಕುನಾಲ. ಈಗ ಬಸವಕಲ್ಯಾಣದಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮನಿಷಾಳಿಂದ ಫೋನ್ ಹಚ್ಚಿಸಿದೆ.

“ಹೌದ್ರಿ ಮೇಡಮ್. ತಾಲ್ಲೂಕಿನ ನಕ್ಷಾದಾಗ ಎರಡು ಬಾವಿ ಒಂದೇ ಜಾಗದಾಗ ಇದ್ದರ ಮೆಮರಿಯಾಗ ಒಂದೇ ಇಟ್ಟು, ಎರಡೂ ಊರಿನ ಬಾಣ ಅದಕ್ಕೇ ತೋರಿಸೀನಿ. ಇಂಥದ್ದು ಒಂದೇ ಒಂದು ಸಿಕ್ಕಿತ್ತು. ಮ್ಯಾಲ ಉದ್ದಕ್ಕ ಟಿಪ್ಪಣಿ ಬರ್ದಿದ್ದೆ. ನೀವು, ಕಾದಂಬರಿ ಬರೀಬ್ಯಾಡ ಅಂತ ಬೈದಿದ್ರಿ.”

ಬೈದದ್ದು ನೆನಪಿದೆ. ಟಿಪ್ಪಣಿ ಓದಿದ್ದು ನೆನಪಿಲ್ಲ.

ಈಗ ಎಲ್ಲ ಕಣ್ಣ ಮುಂದೆ ಬಂತು. ನನ್ನ ಕಂಪೈಲರ್ ಪ್ರತಿ ಊರಿಗೆ ಒಂದು ಗಂಟು ಕಟ್ಟುತ್ತದೆ. ಒಂದೇ ಬಾವಿ ಎರಡು ಗಂಟಿನಲ್ಲೂ ಹೋಯಿತು. ಆಚೆ ಕಡೆ ಒಂದು ಬಾವಿ ಎರಡು ಬಾವಿಯಾಯಿತು. ಮೋರಖಂಡಿಯವರು ಸೇದಿದ್ದು ಒಂದರಲ್ಲಿ ಕಳೆಯಿತು, ಆಚೆ ಊರಿನವರದು ಇನ್ನೊಂದರಲ್ಲಿ. ವಾಪಸ್ ತರುವಾಗ ಎರಡನೆಯದು ಮೊದಲನೆಯದರ ಮೇಲೆ ಕೂತಿತು. ಒಂದು ಊರು ಸೇದಿದ ನೀರು ಲೆಕ್ಕದಿಂದಲೇ ಮಾಯ, ಬಾವಿಯಲ್ಲಿ ಇಲ್ಲದ ಐದು ಅಡಿ ನೀರು ಕಾಗದದ ಮೇಲೆ ಹಾಜರು. ಗಂಟಿನ ಅಳತೆಯಲ್ಲಿ ತಪ್ಪೇ ಇರಲಿಲ್ಲ. ಹನ್ನೊಂದು ತಿಂಗಳು ಇಲ್ಲದ ಕಡೆ ಹುಡುಕಿದೆ.

ಮನಿಷಾಳ ಕೈಯನ್ನು ಎಡಗೈಯಿಂದ ಹಿಡಿದುಕೊಂಡೆ. “ಕುಕ್ಕರ್ ಇಟ್ಟು ಬಂದೀನ್ರಿ ಅಕ್ಕಾರ,” ಅಂತ ಬಿಡಿಸಿಕೊಂಡು ಮೇಲೆ ಓಡಿದಳು.

೧೨ ಫೆಬ್ರುವರಿ

ಮದ್ದು ಹೇಳುವುದು ಸುಲಭ: ಯಾವ ವಸ್ತುವನ್ನು ಗಂಟಿಗೆ ಹಾಕುವ ಮೊದಲೂ, ಇದು ಈಗಾಗಲೇ ಹೋಗಿದೆಯೇ ಅಂತ ಕಂಪೈಲರ್ ಕೇಳಬೇಕು. ಹೋಗಿದ್ದರೆ ಎರಡನೇ ಸಲ ವಸ್ತು ಬೇಡ, ಅಲ್ಲಿನ ವಿಳಾಸ ಮಾತ್ರ ಸಾಕು. ಬರೆಯುವುದು ಕಷ್ಟ. ಇದನ್ನು ಎಷ್ಟೇ ಒಳಗಿನ ಪದರದಲ್ಲೂ ಮಾಡಬೇಕು, ವಾಪಸ್ ತರುವಾಗಲೂ ಒಂದೇ ಸಲ ತರಬೇಕು.

ಮನಿಷಾ ಒತ್ತುತ್ತಾ ಒತ್ತುತ್ತಾ ಕೇಳಿದಳು, “ಸಾವಿರ ಮಂದಿ ಒಮ್ಮಿಗೇ ಲೆಕ್ಕ ಮಾಡ್ತಾರಂದ್ರಲ್ಲ, ಈಗ ಬಾವಿ ಒಂದೇ ಆಯ್ತು. ಎರಡೂ ಊರವರು ಒಮ್ಮಿಗೇ ಕೊಡ ಬಿಟ್ಟರ ಹಗ್ಗ ಸಿಕ್ಕು ಬೀಳಂಗಿಲ್ಲೇನ್ರಿ?”

ನಾನು ಎದ್ದೇ ಕೂತೆ, ಬೆನ್ನು ಚುರ್ರೆಂದಿತು. ಬೀಳುತ್ತದೆ, ಖಂಡಿತ ಬೀಳುತ್ತದೆ. ಒಬ್ಬರಾದ ಮೇಲೆ ಒಬ್ಬರು ಅನ್ನುವ ಸರದಿಯನ್ನೂ ಬರೆದೆವು. ನಮ್ಮ ಕೋಡು ಈಗ ಆರುನೂರು ಸಾಲು.

೧೯ ಫೆಬ್ರುವರಿ

ಪ್ಲಾಸ್ಟರ್ ಬಿಚ್ಚಿದರು. ಕೈ ಹಪ್ಪಳದಂತೆ ಒಣಗಿದೆ, ಬೆರಳೆಲ್ಲ ಆಡುತ್ತವೆ. ಟೈಪ್ ಮಾಡಬಹುದು ಎಂದರು. ಮನಿಷಾ ಎಂದಿನಂತೆ ಹತ್ತಕ್ಕೆ ಬಂದಳು, ಒಂದರವರೆಗೆ ಕೆಲಸ ಮಾಡಿದೆವು. ಅತ್ತೆ ಇಬ್ಬರಿಗೂ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು.

೨೭ ಫೆಬ್ರುವರಿ

ಶಿವರಾತ್ರಿಯ ಉಪವಾಸ ಬಿಟ್ಟು, ಚಹಾ ಕುಡಿದು, ಎರಡು ಉತ್ತರಗಳನ್ನು ಹೋಲಿಸುವ ಆಜ್ಞೆ ಕೊಟ್ಟೆವು. ವ್ಯತ್ಯಾಸ ಇದ್ದರೆ ಯಂತ್ರ ಸಾಲು ಸಾಲಾಗಿ ತೋರಿಸುತ್ತದೆ. ಇಲ್ಲದಿದ್ದರೆ ಬಾಯಿ ಬಿಡುವುದಿಲ್ಲ.

ಮನಿಷಾ ಪರದೆ ನೋಡಿದಳು, ನನ್ನ ಮುಖ ನೋಡಿದಳು. ಅವಳ ಮುಖ ಬಾಡಿತು. “ಏನೂ ಬರಲಿಲ್ಲಲ್ಲರಿ ಅಕ್ಕಾರ. ನಾ ಏನರ ತಪ್ಪು ಒತ್ತಿದ್ನೇನು?”

ಏನೂ ಬರದಿರುವುದೇ ಸರಿ ಉತ್ತರ ಅಂತ ಕಿರುಚಿ ಅವಳನ್ನು ತಬ್ಬಿಕೊಂಡೆ. ಅತ್ತೆ ಗಾಬರಿಯಾಗಿ ಅಡುಗೆಮನೆಯಿಂದ ಓಡಿ ಬಂದು, ಮತ್ತೆ ಎಲ್ಲಿ ಬಿದ್ದೆ ಅಂತ ಕೇಳಿದರು.

೨೩ ಮಾರ್ಚ್

ಮೂರು ವಾರ ಈ ಪುಸ್ತಕ ಮುಟ್ಟಲಿಲ್ಲ, ಪ್ರಬಂಧವೇ ಎಲ್ಲ ಬರಹ ತಿಂದಿತು. ಇನ್ನೂರ ಹನ್ನೆರಡು ಪುಟ. ನಾನು ಬರೆದೆ, ಮನಿಷಾ ಗಟ್ಟಿಯಾಗಿ ಓದಿದಳು, ಇಂಗ್ಲಿಷನ್ನು ತನ್ನದೇ ರಾಗದಲ್ಲಿ. ಅವಳ ನಾಲಿಗೆ ಎಲ್ಲಿ ಎಡವಿತೋ ಅಲ್ಲೆಲ್ಲ ನನ್ನ ವಾಕ್ಯವೇ ಕೆಟ್ಟಿತ್ತು.

ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರ ಹೆಸರು ಮೊದಲು ಬರುವುದು ರೂಢಿ. ನಾನು ಮೊದಲು ಮನಿಷಾ ಅಂತ ಬರೆದೆ, ತಪ್ಪು ಸಿಕ್ಕದ್ದು ಅವಳಿಗೆ ಅಂತಲೂ ಬರೆದೆ. ಎದುರು ಪುಟದಲ್ಲಿ, ಇದೆಲ್ಲ ನನ್ನ ಸ್ವಂತ ಕೆಲಸ ಅಂತ ನಾನೇ ಸಹಿ ಮಾಡಿದ ಪ್ರಮಾಣವಿದೆ. ಎರಡನ್ನೂ ಅಕ್ಕಪಕ್ಕ ಓದಿದರೆ ಸರ್ ಏನೆನ್ನುತ್ತಾರೋ. ಅವರು ಕಟ್ಟುನಿಟ್ಟಿನವರು. ತೆಗೆದು ಮತ್ತೆ ಬರೆಯಿರಿ ಎಂದರೆ ದಿನ ಉಳಿದಿಲ್ಲ. ಗುರುಶಾಂತ, “ನಿನಗ ಖರೆ ಅನ್ನಿಸಿದ್ದು ಇರಲಿ,” ಎಂದರು. ಇರಲಿ.

೨೬ ಮಾರ್ಚ್

ಕಲ್ಲಿನಾಥ ಆಟೋದಲ್ಲಿ ನಿಲ್ದಾಣಕ್ಕೆ ಬಿಟ್ಟ. ಬಸವಕಲ್ಯಾಣದಲ್ಲಿ ಬಸ್ಸು ನಿಂತ ಮೇಲೆ, ಎಲ್ಲರೂ ಇಳಿದ ಮೇಲೆ ಇಳಿದೆ.

ಮಹಾರುದ್ರಪ್ಪ ಸರ್ ಮನೆಯ ಪಡಸಾಲೆಯಲ್ಲಿ ಪ್ರಬಂಧವನ್ನು ಹಿಂದಿನಿಂದ ಮುಂದಕ್ಕೆ ನೋಡಿದರು, ಅದು ಅವರ ಅಭ್ಯಾಸ. ಫಲಿತಾಂಶದ ಕೋಷ್ಟಕ ನೋಡಿ ತಲೆಯಾಡಿಸಿದರು. ಕೊನೆಗೆ ಕೃತಜ್ಞತೆಯ ಪುಟಕ್ಕೆ ಬಂದರು.

“ಮನಿಷಾ ಯಾರ್ರಿ? ಯಾವ ಕಾಲೇಜು?”

ಕಾಲೇಜಿಲ್ಲ ಸರ್, ನಮ್ಮ ಮನೆಯ ಬಾಡಿಗೆಯವರು ಎಂದೆ. ಅಡಗಿಸಲು ಹೋಗದೆ ಎಲ್ಲ ಹೇಳಿದೆ. ಮಲಗಿದ್ದು, ಅವಳು ಓದಿದ್ದು, ಪಡುವಲ ಬಾವಿ, ಮೂಡಲ ಬಾವಿ, ಕುರಿ ಹೊಡೆದುಕೊಂಡು ಸುತ್ತು ಹಾಕಿದ್ದು. ಹುಡುಕಿದವಳು ಅವಳು, ತಿದ್ದಿದ್ದು ನಾನು, ತಿದ್ದುವಾಗಲೂ ಒಂದು ಪ್ರಶ್ನೆ ಅವಳದೇ ಎಂದೆ. ಪ್ರಮಾಣದ ಪುಟಕ್ಕೆ ಅವರು ಏನನ್ನಾದರೂ ಅನ್ನಲಿ ಅಂತ ಕಾದೆ.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೋರಖಂಡಿ ಕಡಿಯ ಆ ಹೊಲ ಯಾರದು ಗೊತ್ತದೇನ್ರಿ ನಿಮಗ?”

“ಇಲ್ಲ ಸರ್.”

“ನಮ್ಮದು. ಕುರಿ ದಾಟಬಾರದಂತ ಅಪ್ಪಾ ಬದುವಿನ ಮ್ಯಾಲ ಕಾವಲ ಇಟ್ಟಿದ್ರು. ಒಂದು ಬ್ಯಾಸಿಗಿ ಕಾಲೇಜು ಸೂಟಿಯಾಗ ನಾನೇ ಬಡಿಗಿ ಹಿಡದು ಕುಂತೀನಿ.” ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು. “ನಾಕು ವರ್ಷ ಈ ಪಟ್ಟಿ ನನ್ನ ಮೇಜಿನ ಮ್ಯಾಲ ಬಿದ್ದದ. ನಮ್ಮ ಬಾವಿ ನನಗೇ ಗುರ್ತ ಹತ್ತಲಿಲ್ಲ. ಹಾದಿ ಬಿಡದವರಿಗಿ ಒಂದೇ ಹೆಸರು ಗೊತ್ತಿತ್ತು.”

ಪೆನ್ನು ತೆಗೆದು ಸಹಿ ಮಾಡಿದರು. ಒಂದಲ್ಲ, ಬೇಕಾದ ನಾಲ್ಕು ಕಡೆಯೂ. ಕೃತಜ್ಞತೆಯ ಪುಟದಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.

ಬಾಗಿಲವರೆಗೆ ಬಂದು ಕೇಳಿದರು, “ಆಕಿ ತಂದಿ ಅದಾರೇನ್ರಿ?”

“ಅದಾರ ಸರ್. ಈಗಲೂ ಕುರಿ ಅವ.”

“ಈ ಬ್ಯಾಸಿಗಿ ನಮ್ಮ ಹೊಲದಾಗಿಂದೇ ಹಾಯ್ದು ಬರ್ರಿ ಅಂತ ಹೇಳ್ರಿ. ನಾ ಹೇಳೀನಿ ಅನ್ನಬ್ಯಾಡ್ರಿ, ಬ್ಯಾಡ… ನಾನೇ ಹೇಳೀನಿ ಅಂತನೇ ಹೇಳ್ರಿ.”

೨೮ ಮಾರ್ಚ್

ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಕೊಟ್ಟೆ. ಮೂರೂವರೆಗೆ ಸ್ವೀಕೃತಿಯ ಮುದ್ರೆ ಬಿತ್ತು. ಎಂಟು ವರ್ಷಕ್ಕೆ ಅಂಗೈಯಗಲದ ಒಂದು ಚೀಟಿ. ಅದನ್ನು ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತೆ, ಬೆನ್ನು ನೋಯಲಿಲ್ಲ. ಅತ್ತೆಯ ಎರಡು ಜಡೆ, ಇವರ ಉಪ್ಪಿಟ್ಟು, ನಾನು ಓದದ ಕುನಾಲನ ಟಿಪ್ಪಣಿ, ಎಷ್ಟು ಜನ ಸೇರಿ ನನ್ನನ್ನು ಇಲ್ಲಿಗೆ ತಂದು ಕೂರಿಸಿದರು. ಬೀಳದಿದ್ದರೆ ಇವರನ್ನೆಲ್ಲ ಹೀಗೆ ನೋಡುತ್ತಲೇ ಇರಲಿಲ್ಲ.

ಊರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ನೇರ ಮಹಡಿಗೆ ಹೋಗಿ ಮನಿಷಾಗೆ ಸರ್ ಹೇಳಿದ್ದನ್ನು ಹೇಳಿದೆ. ಮೊನ್ನೆಯೇ ಹೇಳಬಹುದಿತ್ತು, ಆದರೆ ಚೀಟಿ ಕೈಗೆ ಬಂದ ಮೇಲೆ ಹೇಳಬೇಕು ಅನ್ನಿಸಿತ್ತು. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಕೈಯಲ್ಲಿದ್ದ ಮೆಂತ್ಯೆ ಸೊಪ್ಪನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ತಂದೆಗೆ ಫೋನ್ ಹಚ್ಚಿದಳು.

“ಅಪ್ಪಾ, ಪಡುವಲ ಬಾವಿಗಿ ಇನ್ನ ಸುತ್ತು ಹಾಕಬ್ಯಾಡ. ಮಾಲಕರ ಹೊಲದಾಗಿಂದೇ ಹೋಗು, ಅವರೇ ಹೇಳ್ಯಾರ.”

ಆಚೆಯಿಂದ ಕುರಿಗಳ ದನಿ ಕೇಳಿಸಿತು. ಆಮೇಲೆ ಅವರೇನೋ ಕೇಳಿದರು. ಮನಿಷಾ ಫೋನಿನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು.

“ಬಾವ್ಯಾಗ ನೀರು ಎಲ್ಲಿ ತನಕ ಇರ್ತದ ಅಂತ ಕೇಳಾಕತ್ತಾನ್ರಿ.”

ನಾನು ಚೀಲದಿಂದ ಪ್ರಬಂಧದ ನಮ್ಮ ಪ್ರತಿ ತೆಗೆದು ಆ ಕೋಷ್ಟಕದ ಪುಟ ತೆರೆದು ಕೊಟ್ಟೆ. ಅವಳು ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದಳು, “ಏಪ್ರಿಲ್ ತನಕ ಏಳು ಫೂಟ್ ಅಪ್ಪಾ. ಮೇ ತಿಂಗಳಾಗ ನಾಕು.”